ಸೋತು ಬಂದವರ ಫತೋರ್ಡಾ

ಗೋವಾಕ್ಕೆ ಹೋಗಿ ಬಂದೆ ಎಂದರೆ ನಮ್ಮ ಧಾರವಾಡದ ಕಡೆ ಜನ ಕೇಳುವುದು ಎರಡೇ ಪ್ರಶ್ನೆ. ಸಮುದ್ರದಲ್ಲಿ ಮಿಂದಿರಾ? ಗೋಡಂಬಿ ತಂದಿರಾ? ಮೂರನೆಯ ಪ್ರಶ್ನೆಯೊಂದುಂಟು, ಅದನ್ನು ಮೇಷ್ಟ್ರುಗಳ ಹತ್ತಿರ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ನಾನು ಕಳೆದ ದಸರಾ ರಜೆಯಲ್ಲಿ ಹೋಗಿದ್ದು ಮಾತ್ರ ಮೂರು ಫುಟ್‌ಬಾಲ್ ಮೈದಾನಗಳನ್ನು ನೋಡಲಿಕ್ಕೆ. ಆಗ ಅಲ್ಲಿ ಪಂದ್ಯವೇನೂ ಇರಲಿಲ್ಲ. ಖಾಲಿ ಮೈದಾನ ನೋಡಲು ಇನ್ನೂರು ಕಿಲೋಮೀಟರ್ ಹೋಗುತ್ತೀರಾ ಎಂದು ಮನೆಯಲ್ಲಿ ಕೇಳಿದರು. ಹಂಪಿಗೆ ಹೋಗುವವರೂ ಖಾಲಿ ಬಜಾರನ್ನೇ ಅಲ್ಲವೇ ನೋಡುವುದು ಎಂದೆ. ಆ ಉತ್ತರ ಅವರಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ.

ಈ ಮೈದಾನಗಳ ಮೇಲೆ ನನಗೆ ಕುತೂಹಲ ಹುಟ್ಟಲು ಕಾರಣವಿದೆ. ಇಂಡಿಯನ್ ಸೂಪರ್ ಲೀಗ್ ಶುರುವಾದ 2014ರಿಂದ ಲೆಕ್ಕ ಹಾಕಿದರೆ, ಋತುವಿನ ಮೊದಲ ಪಂದ್ಯವನ್ನೇ ಸೋತು, ಕೊನೆಗೆ ಕಪ್ಪು ಗೆದ್ದ ತಂಡಗಳಲ್ಲಿ ಕೆಲವು ಆ ಕಪ್ಪನ್ನು ಎತ್ತಿ ಹಿಡಿದದ್ದು ಒಂದೇ ಹುಲ್ಲಿನ ಮೇಲೆ: ಮಡಗಾಂವ್‌ನ ಫತೋರ್ಡಾದಲ್ಲಿ. 2015ರಲ್ಲಿ ಚೆನ್ನೈಯಿನ್, 2021ರಲ್ಲಿ ಮುಂಬೈ ಸಿಟಿ, 2022ರಲ್ಲಿ ಹೈದರಾಬಾದ್. ಇವುಗಳಲ್ಲಿ ಎರಡು ತಂಡಗಳು ಆ ಮೊದಲ ಪಂದ್ಯ ಸೋತದ್ದೂ ಗೋವಾದಲ್ಲೇ. ಸೋತ ಜಾಗ ಮತ್ತು ಗೆದ್ದ ಜಾಗ, ಎರಡಕ್ಕೂ ನಡುವೆ ಕದಂಬ ಸಾರಿಗೆ ಬಸ್ಸಿನ ಒಂದೋ ಎರಡೋ ಟಿಕೆಟ್ಟಿನ ದೂರ. ಕದಂಬರ ಹೆಸರನ್ನು ಗೋವಾದವರು ಬಸ್ಸಿಗಿಟ್ಟು ಉಳಿಸಿಕೊಂಡಿದ್ದಾರೆ ಎಂಬುದು ಬೇರೆ ಮಾತು.

ಹೋಗುವವರು ರೈಲಿನಲ್ಲೇ ಹೋಗಬೇಕು. ಲೋಂಡಾ ದಾಟಿ ಕ್ಯಾಸಲ್‌ರಾಕ್‌ಗೆ ಬಂದರೆ ಕರ್ನಾಟಕ ಮುಗಿಯಿತು. ಅಲ್ಲಿಂದ ಕುಳೆಮ್‌ವರೆಗೆ ಘಟ್ಟದ ಇಳಿಜಾರು ಮೂವತ್ತೇಳಕ್ಕೆ ಒಂದು, ಅಂದರೆ ಮೂವತ್ತೇಳು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಕೆಳಗೆ. ರಸ್ತೆಗೆ ಇದು ಏನೂ ಅಲ್ಲ, ರೈಲಿಗೆ ಬಹಳ ಕಡಿದು. ದೂಧಸಾಗರ ಜಲಪಾತದ ಮುಂದೆ ಇಡೀ ಬೋಗಿ ಒಂದೇ ಕಿಟಕಿಗೆ ವಾಲಿತು. ಅದನ್ನು ವರ್ಣಿಸಿದವರು ಬೇಕಾದಷ್ಟು ಜನರಿದ್ದಾರೆ, ನಾನು ಮುಂದೆ ಹೋಗುತ್ತೇನೆ.

ರೈಲಿನ ಕೊನೆಯ ನಿಲ್ದಾಣ ವಾಸ್ಕೊ. ಬಂದರಿನ ಊರು. ಸಂತೆಯಲ್ಲಿ ಹತ್ತು ಹೆಜ್ಜೆ ಹಾಕಿದರೆ ಕನ್ನಡ ಕಿವಿಗೆ ಬೀಳುತ್ತದೆ. ಬಾಗಲಕೋಟೆ, ವಿಜಯಪುರ, ಗದಗದ ಕಡೆಯಿಂದ ದುಡಿಯಲು ಬಂದವರ ಊರು ಇದು. ಮೈದಾನಕ್ಕೆ ದಾರಿ ಕೇಳಲು ಒಂದು ರೊಟ್ಟಿ ಖಾನಾವಳಿಗೆ ಹೋದೆ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಸೇಂಗಾ ಚಟ್ನಿ ಸಿಕ್ಕವು. ಮೀನು ಕೇಳಿದರೆ "ಎದುರಿಗಿನ ಹೋಟೆಲ್ಲಿಗೆ ಹೋಗ್ರಿ ಸರ" ಎಂದರು!

ತಿಲಕ್ ಮೈದಾನ ಊರಿನ ನಟ್ಟನಡುವೆಯೇ ಇದೆ. ದೊಡ್ಡದೇನಲ್ಲ, ಕೆಲವು ಸಾವಿರ ಜನ ಕೂರಬಹುದು ಅಷ್ಟೆ. ಸಾಳಗಾವಕರ್, ವಾಸ್ಕೊ ಕ್ಲಬ್ಬುಗಳ ಹೆಸರು ಕೇಳಿ ಬೆಳೆದ ಊರು. ಬ್ರಹ್ಮಾನಂದ ಶಂಖವಾಳಕರ್ ಎಂಬ ಗೋಲ್‌ಕೀಪರ್ ಆಡಿದ್ದು ಸಾಳಗಾವಕರ್ ತಂಡಕ್ಕೇ. ಆ ಕಾಲದ ಭಾರತ ತಂಡವನ್ನು ಬಲ್ಲ ನನ್ನ ವಯಸ್ಸಿನವರಿಗೆ ಆ ಹೆಸರು ಹೊಸದಲ್ಲ. 2016ರಲ್ಲಿ ಸಾಳಗಾವಕರ್ ಮತ್ತು ಸ್ಪೋರ್ಟಿಂಗ್ ಗೋವಾ ರಾಷ್ಟ್ರೀಯ ಲೀಗಿನಿಂದ ಹಿಂದೆ ಸರಿದವು. ಐದು ಸಲ ರಾಷ್ಟ್ರ ಚಾಂಪಿಯನ್ ಆಗಿದ್ದ ಡೆಂಪೊ ಕೂಡ ಹಿಂದೆ ಸರಿಯಿತು. ಆಮೇಲೆ ಇಲ್ಲಿ ದೊಡ್ಡ ಆಟ ಅಪರೂಪವಾಗಿತ್ತು. ಮತ್ತೆ ದೊಡ್ಡ ಆಟ ಬಂದದ್ದು ಕೋವಿಡ್ ಕಾಲದಲ್ಲಿ. ಆಗ ಇಡೀ ಸೂಪರ್ ಲೀಗನ್ನು ಗೋವಾದೊಳಗೇ ಕೂಡಿಹಾಕಿ, ಆಟಗಾರರನ್ನು ಹೋಟೆಲುಗಳಲ್ಲಿ ಇರಿಸಿ, ಪ್ರೇಕ್ಷಕರೇ ಇಲ್ಲದೆ ಆಡಿಸಿದರು. ಫತೋರ್ಡಾ, ಬಾಂಬೋಳಿ, ವಾಸ್ಕೊ, ಈ ಮೂರೇ ಮೈದಾನ.

"ರಾತ್ರಿ ದೀಪ ಹತ್ತತಿದ್ವು ಸರ. ಆದ್ರ ಸಪ್ಪಳನs ಇಲ್ಲ. ಒಳಗ ಆಟ ನಡದೈತೋ, ದೀಪ ರಿಪೇರಿ ನಡದೈತೋ, ಏನೂ ತಿಳೀತಿರಲಿಲ್ಲ" ಎಂದರು ಖಾನಾವಳಿಯ ಯಜಮಾನರು.

ಅಂಥ ಸಪ್ಪಳವಿಲ್ಲದ ಒಂದು ರಾತ್ರಿ, 2020ರ ನವೆಂಬರ್ 21ರಂದು, ಮುಂಬೈ ಸಿಟಿ ತನ್ನ ಮೊದಲ ಪಂದ್ಯವನ್ನು ನಾರ್ತ್ ಈಸ್ಟ್ ಯುನೈಟೆಡ್ ವಿರುದ್ಧ ಇಲ್ಲಿ ಆಡಿತು. ತರಬೇತುದಾರ ಸ್ಪೇನಿನ ಸೆರ್ಜಿಯೊ ಲೊಬೆರಾ. ಅದೇ ವರ್ಷದ ಆರಂಭದವರೆಗೆ ಅವರು ಎಫ್‌ಸಿ ಗೋವಾದ ತರಬೇತುದಾರರಾಗಿದ್ದರು. ಗೋವಾ ಅವರನ್ನು ಬಿಟ್ಟಿತು, ಮುಂಬೈ ಹಿಡಿಯಿತು. ಅವರ ಹಿಂದೆಯೇ ಅಹ್ಮದ್ ಜಾಹು, ಮುರ್ತಜಾ ಫಾಲ್, ಹ್ಯೂಗೊ ಬೂಮೂ, ಗೋವಾದವರೇ ಆದ ಮಂದಾರ್ ರಾವ್ ದೇಸಾಯಿ ಹೊರಟು ಹೋಗಿದ್ದರು. ಗೋವಾದ ಅಭಿಮಾನಿಗಳಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಆ ರಾತ್ರಿ ಅವರಿಗೆ ಸ್ವಲ್ಪ ತಣ್ಣಗಾಗಿರಬೇಕು. ಅರ್ಧವಿರಾಮಕ್ಕೆ ಸ್ವಲ್ಪ ಮುಂಚೆ ಜಾಹು ಒರಟಾಗಿ ಕಾಲು ಹಾಕಿ ಕೆಂಪು ಚೀಟಿ ತೋರಿಸಿಕೊಂಡು ಹೊರನಡೆದರು. ವಿರಾಮದ ನಂತರ ಪೆನಾಲ್ಟಿ ಸಿಕ್ಕಿತು. ಕ್ವೆಸಿ ಅಪ್ಪಿಯಾ ಹೊಡೆದರು. ಮುಂಬೈ 0–1ರಿಂದ ಸೋತಿತು. ಋತುವಿಗೆ ಮೊದಲೇ ಎಲ್ಲರ ಬಾಯಲ್ಲಿ ಚಾಂಪಿಯನ್ ಎನಿಸಿಕೊಂಡಿದ್ದ ತಂಡ ಅದು.

ನಾಲ್ಕು ದಿನ ಕಳೆದ ಮೇಲೆ ಫತೋರ್ಡಾದಲ್ಲಿ ಅದೇ ಗೋವಾ ಎದುರಾಳಿ. ಈ ಸಲ ಕೆಂಪು ಚೀಟಿ ಗೋವಾದ ಆಟಗಾರನಿಗೆ ಬಂತು. ಹೆಚ್ಚುವರಿ ಸಮಯದ ಕೊನೆಯ ಘಳಿಗೆಯಲ್ಲಿ ಆಡಮ್ ಲೆ ಫಾಂಡ್ರ ಪೆನಾಲ್ಟಿ ಹೊಡೆದು ಮುಂಬೈಯನ್ನು ಗೆಲ್ಲಿಸಿದರು. ಅಲ್ಲಿಂದ ಜನವರಿ ಕೊನೆಯವರೆಗೆ ಮುಂಬೈಯನ್ನು ಯಾರೂ ಸೋಲಿಸಲಿಲ್ಲ. ಕೊನೆಗೆ ಸೋಲಿಸಿದ್ದೂ ಅದೇ ನಾರ್ತ್ ಈಸ್ಟ್! ಕೆಲವು ತಂಡಗಳಿಗೆ ಕೆಲವರ ಜಾತಕವೇ ಕೂಡಿಬರುವುದಿಲ್ಲ ಎಂದು ಜ್ಯೋತಿಷಿಗಳು ಹೇಳಿಯಾರು. ನಾನು ವಿಜ್ಞಾನದ ಮೇಷ್ಟ್ರು, ಹಾಗೆ ಹೇಳಲಾರೆ.

ಲೀಗಿನ ಕೊನೆಯ ಪಂದ್ಯದಲ್ಲಿ ಎಟಿಕೆ ಮೋಹನ್ ಬಾಗಾನನ್ನು 2–0ರಿಂದ ಸೋಲಿಸಿ, ಇಬ್ಬರಿಗೂ ನಲವತ್ತು ನಲವತ್ತು ಅಂಕ ಸಮವಾದಾಗ ಮುಂಬೈ ಮೇಲೆ ನಿಂತಿತು. 2021ರ ಮಾರ್ಚ್ 13ರಂದು ಫೈನಲ್‌ನಲ್ಲೂ ಅದೇ ಎದುರಾಳಿ. 1–1 ಆಗಿದ್ದಾಗ ತೊಂಬತ್ತನೆಯ ನಿಮಿಷದಲ್ಲಿ ಬಿಪಿನ್ ಸಿಂಗ್ ಗೋಲು ಹೊಡೆದರು. ಈ ಗೆಲುವಿಗೂ ಚಪ್ಪಾಳೆ ತಟ್ಟಲು ಗ್ಯಾಲರಿಯಲ್ಲಿ ಜನರಿರಲಿಲ್ಲ.

ಬಾಂಬೋಳಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಪಣಜಿಯಿಂದ ಮಡಗಾಂವ್ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ಏರು ಹತ್ತಿದ ಕೂಡಲೇ ಗೋವಾ ಮೆಡಿಕಲ್ ಕಾಲೇಜು, ಅದರ ಹತ್ತಿರ ಕೆಂಪು ಜಂಬಿಟ್ಟಿಗೆಯ ಬಯಲಿನ ಮೇಲೆ ಈ ಕ್ರೀಡಾಂಗಣ. ಓಟದ ಪಥವಿದ್ದು, ನಡುವೆ ಫುಟ್‌ಬಾಲಿಗೆ ಹುಲ್ಲಿದೆ. ಗಾಳಿ ಜೋರು. ನಾನು ಹೋದಾಗ ಒಬ್ಬ ಹುಡುಗಿ ಒಂಟಿಯಾಗಿ ಅಡೆತಡೆ ಓಟದ ಅಭ್ಯಾಸ ಮಾಡುತ್ತಿದ್ದಳು, ದೂರದಲ್ಲಿ ಎರಡು ಎಮ್ಮೆ ಮೇಯುತ್ತಿದ್ದವು.

ಇಲ್ಲಿ 2021ರ ನವೆಂಬರ್ 23ರಂದು ಹೈದರಾಬಾದ್ ತನ್ನ ಮೊದಲ ಪಂದ್ಯದಲ್ಲಿ ಚೆನ್ನೈಯಿನ್ ವಿರುದ್ಧ 0–1ರಿಂದ ಸೋತಿತು. ಗೋಲು ಮತ್ತೆ ಪೆನಾಲ್ಟಿಯದೇ. ಹೊಡೆದವರು ವ್ಲಾದಿಮಿರ್ ಕೊಮಾನ್. ಮೈದಾನದ ಕಟ್ಟೆಯ ಮೇಲೆ ಕೂತು, ಜೊತೆಗೆ ತಂದಿದ್ದ ಟಿಪ್ಪಣಿ ಪುಸ್ತಕ ತೆಗೆದೆ. ಆ ಋತುವಿನಲ್ಲಿ ಹನ್ನೊಂದು ತಂಡಗಳ ಮೊದಲ ಪಂದ್ಯ ಏನಾಯಿತು, ಕೊನೆಗೆ ಎಷ್ಟನೆಯ ಸ್ಥಾನ ಬಂತು ಎಂದು ಬರೆದುಕೊಂಡಿದ್ದೆ. ಸೋತು ಗೆದ್ದವರ ಕಥೆಯನ್ನು ಮಾತ್ರ ಹೇಳಿದರೆ ಅದು ಹರಕೆ ತೀರಿದವರನ್ನು ಮಾತ್ರ ಎಣಿಸಿದಂತೆ. ತೀರದವರನ್ನೂ ಎಣಿಸಬೇಕು.

ಆ ವರ್ಷ ಮೊದಲ ಪಂದ್ಯ ಸೋತ ತಂಡಗಳಲ್ಲಿ ನಾಲ್ಕರ ಕಥೆ ನೋಡಿ. ಕೇರಳ ಬ್ಲಾಸ್ಟರ್ಸ್ 2–4ರಿಂದ, ನಾರ್ತ್ ಈಸ್ಟ್ ಕೂಡ 2–4ರಿಂದ, ಗೋವಾ 0–3ರಿಂದ, ಹೈದರಾಬಾದ್ 0–1ರಿಂದ ಸೋತವು. ಇವರಲ್ಲಿ ನಾರ್ತ್ ಈಸ್ಟ್ ಹತ್ತನೆಯದಾಯಿತು, ಗೋವಾ ಒಂಬತ್ತನೆಯದು. ಎರಡೂ ಮೇಲೇಳಲಿಲ್ಲ. ಉಳಿದ ಎರಡು, ಹೈದರಾಬಾದ್ ಮತ್ತು ಕೇರಳ, ಫೈನಲ್‌ನಲ್ಲಿ ಎದುರುಬದುರಾದವು! ಇನ್ನು ಇವರನ್ನು ಸೋಲಿಸಿದವರ ಪಾಡೇನು? ನಾರ್ತ್ ಈಸ್ಟ್ ಮೇಲೆ ನಾಲ್ಕು ಗೋಲು ಹೊಡೆದ ನಮ್ಮ ಬೆಂಗಳೂರು ಆರನೆಯದಾಗಿ ಸೆಮಿಫೈನಲ್ಲಿನ ಹೊರಗೆ ಉಳಿಯಿತು. ಗೋವಾವನ್ನು ಬಡಿದ ಮುಂಬೈ ಐದನೆಯದು. ಹೈದರಾಬಾದನ್ನು ಸೋಲಿಸಿದ ಚೆನ್ನೈಯಿನ್ ಎಂಟನೆಯದು. ಪಟ್ಟಿಯ ತುದಿಯ ಜೆಮ್‌ಷೆಡ್‌ಪುರ ಮತ್ತು ತಳದ ಈಸ್ಟ್ ಬೆಂಗಾಲ್ ಮೊದಲ ಪಂದ್ಯದಲ್ಲಿ ಪರಸ್ಪರ ಆಡಿ 1–1ರಿಂದ ಸಮ ಮಾಡಿಕೊಂಡಿದ್ದವು. ಇದರಿಂದ ಯಾರು ಯಾವ ಭವಿಷ್ಯ ಹೇಳಿಯಾರು?

ಹತ್ತನೆಯ ತರಗತಿಯ ಪ್ರಯೋಗಶಾಲೆಯಲ್ಲಿ ಹುಡುಗರು ಓಮನ ನಿಯಮಕ್ಕೆ ಒಂದೇ ಒಂದು ಅಳತೆ ತೆಗೆದು ಗ್ರಾಫ್ ಎಳೆಯಲು ಹೊರಡುತ್ತಾರೆ. ಒಂದು ಬಿಂದುವಿನ ಮೂಲಕ ಎಷ್ಟು ದಿಕ್ಕಿಗಾದರೂ ಗೆರೆ ಎಳೆಯಬಹುದಪ್ಪಾ ಎಂದು ನಾನು ವರ್ಷಾ ವರ್ಷಾ ಹೇಳುತ್ತಲೇ ಇರುತ್ತೇನೆ. ಆ ಲೀಗಿನಲ್ಲಿ ಪ್ರತಿ ತಂಡಕ್ಕೆ ಇಪ್ಪತ್ತು ಪಂದ್ಯ, ಒಟ್ಟು ಅರವತ್ತು ಅಂಕ. ಮೊದಲ ಸೋಲಿನಲ್ಲಿ ಹೋಗುವುದು ಮೂರು, ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ಹದಿಮೂರನೆಯ ಪಂದ್ಯ ಸೋತರೂ ಹೋಗುವುದು ಅಷ್ಟೇ. ಆದರೆ ಹದಿಮೂರನೆಯ ಸೋಲಿನ ಬಗ್ಗೆ ಪತ್ರಿಕೆಗಳು ನಾಲ್ಕು ಸಾಲು ಬರೆದು ಬಿಡುತ್ತವೆ. ಮೊದಲನೆಯದಕ್ಕೆ ಮಾತ್ರ ಅರ್ಧ ಪುಟ, ಏಕೆಂದರೆ ಅಂಕಪಟ್ಟಿಯಲ್ಲಿ ಆಗ ಬೇರೇನೂ ಇರುವುದಿಲ್ಲ.

ಆದರೆ ಈ ಲೆಕ್ಕ ನಿಲ್ಲಬೇಕಾದರೆ ಒಂದು ಷರತ್ತಿದೆ. ಎರಡನೆಯ ಪಂದ್ಯವೊಂದು ಇರಬೇಕು! ನಾನು ಇಷ್ಟು ದೂರ ಬಂದದ್ದಕ್ಕೆ ನಿಜವಾದ ಕಾರಣ ಇದೇ ಎಂದರೂ ತಪ್ಪಲ್ಲ. ನಮ್ಮ ಕಡೆಯ ಶಾಲಾ ಪಂದ್ಯಾಟಗಳು ಬಹುತೇಕ ನಾಕೌಟ್. ಕ್ಲಸ್ಟರ್ ಮಟ್ಟದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಆಡಿ ಸೋತ ತಂಡ ಹತ್ತೂವರೆಗೆ ಬಸ್ ನಿಲ್ದಾಣದಲ್ಲಿ ಅವಲಕ್ಕಿ ತಿನ್ನುತ್ತಿರುತ್ತದೆ. ಆ ಹುಡುಗರ ಪಾಲಿಗೆ ವರ್ಷದ ಫುಟ್‌ಬಾಲ್ ಅಲ್ಲಿಗೆ ಮುಗಿಯಿತು. ಹೋದ ವರ್ಷ ನಮ್ಮ ಹುಡುಗರು ಐದು ಗೋಲು ತಿಂದು ಬಂದರು. ಮಾರನೆಯ ದಿನ ಒಬ್ಬ ತಂದೆ ಶಾಲೆಗೇ ಬಂದು, "ಮಾಸ್ತರ, ಇವ ಇನ್ನ ಆಡೂದು ಬ್ಯಾಡ, ಓದ್ಲಿ" ಎಂದು ಹೇಳಿ ಹೋದರು. ಆ ಹುಡುಗ ಓಡುವುದನ್ನು ನೋಡಿದವರು ಹಾಗೆ ಹೇಳುತ್ತಿರಲಿಲ್ಲ. ಅವನ ಕಾಲು ಏನು ಬಲ್ಲದು ಎಂಬುದು ಒಂದೂವರೆ ಗಂಟೆಯೊಳಗೆ ತೀರ್ಮಾನವಾಗಿಬಿಟ್ಟಿತ್ತು.

ಮೆಸ್ಸಿಯ ಅರ್ಜೆಂಟೀನಾ 2022ರ ವಿಶ್ವಕಪ್ಪಿನಲ್ಲಿ ಮೊದಲ ಪಂದ್ಯವನ್ನು ಸೌದಿ ಅರೇಬಿಯಾಕ್ಕೆ 1–2ರಿಂದ ಸೋತಿತ್ತು. 2010ರಲ್ಲಿ ಸ್ಪೇನ್ ತನ್ನ ಮೊದಲ ಪಂದ್ಯವನ್ನು ಸ್ವಿಟ್ಜರ್ಲೆಂಡಿಗೆ 0–1ರಿಂದ ಸೋತಿತ್ತು. ಇಬ್ಬರೂ ಕಪ್ಪು ಗೆದ್ದು ಮನೆಗೆ ಹೋದರು. ನಮ್ಮ ಕ್ಲಸ್ಟರ್ ಪದ್ಧತಿ ಅಲ್ಲಿದ್ದಿದ್ದರೆ ಮೆಸ್ಸಿ ಕೂಡ ಹತ್ತೂವರೆಗೆ ಬಸ್ ನಿಲ್ದಾಣದಲ್ಲೇ! ನಾಲ್ಕು ಶಾಲೆ ಸೇರಿಸಿ ಒಂದು ಗುಂಪು ಮಾಡಿ, ಪ್ರತಿಯೊಬ್ಬರಿಗೂ ಮೂರು ಪಂದ್ಯ ಆಡಿಸಲು ಇನ್ನೆರಡು ದಿನ ಬೇಕು, ಮಧ್ಯಾಹ್ನದ ಊಟ ಬೇಕು. ಅಷ್ಟೇ. ಗೋವಾದ ಹಳ್ಳಿಗಳಲ್ಲಿ ಚರ್ಚಿನ ಮುಂದಿನ ಬಯಲಿನಲ್ಲಿ, ಕೊಯ್ಲಾದ ಗದ್ದೆಯಲ್ಲಿ ಹುಡುಗರು ಆಡುತ್ತಲೇ ಇರುವುದನ್ನು ಬಸ್ಸಿನ ಕಿಟಕಿಯಿಂದ ನೋಡುತ್ತಾ ಇದನ್ನೇ ಯೋಚಿಸುತ್ತಿದ್ದೆ.

ಕೊನೆಗೆ ಫತೋರ್ಡಾಕ್ಕೆ ಬಂದೆ. ಮಡಗಾಂವ್ ಊರಿಗೆ ತಾಗಿಕೊಂಡೇ ಇದೆ. ಹೆಸರಿಗೆ ಜವಾಹರಲಾಲ್ ನೆಹರೂ ಕ್ರೀಡಾಂಗಣ, ಜನರ ಬಾಯಲ್ಲಿ ಫತೋರ್ಡಾ. 1989ರಲ್ಲಿ ಕಟ್ಟಿದ್ದು, ಹಿಂದೆ ಇಲ್ಲಿ ಒಂದು ದಿನದ ಕ್ರಿಕೆಟ್ ಪಂದ್ಯಗಳೂ ನಡೆಯುತ್ತಿದ್ದವು. ಕಾವಲುಗಾರರು ಒಳಗೆ ಬಿಡಲು ಮೊದಲು ಹಿಂದೆಮುಂದೆ ನೋಡಿದರು. ನಾನು ಶಾಲಾ ಮಾಸ್ತರ, ಗೋಲ್‌ಕಂಬ ನೋಡಿ ಹೋಗುತ್ತೇನೆ ಎಂದೆ. "ಗೋಲ್‌ಕಂಬವಾ?" ಎಂದು ಕೊಂಕಣಿಯಲ್ಲಿ ನಕ್ಕು, ಹತ್ತು ನಿಮಿಷ ಎಂದು ಬೆರಳು ತೋರಿಸಿ ಬಿಟ್ಟರು.

ಎಫ್‌ಸಿ ಗೋವಾ ತನ್ನ ಮೊಟ್ಟಮೊದಲ ಪಂದ್ಯವನ್ನು 2014ರ ಅಕ್ಟೋಬರಿನಲ್ಲಿ ಇಲ್ಲಿ ತನ್ನ ಜನರೆದುರೇ ಚೆನ್ನೈಯಿನ್‌ಗೆ 1–2ರಿಂದ ಸೋತಿತು. ಬ್ರೆಜಿಲಿನ ಜೀಕೊ ಆಗ ತರಬೇತುದಾರರು. ನಿಧಾನವಾಗಿ ಮೇಲೆದ್ದು ಲೀಗಿನಲ್ಲಿ ಎರಡನೆಯದಾಗಿ, ಸೆಮಿಫೈನಲ್ಲಿನಲ್ಲಿ ಪೆನಾಲ್ಟಿಗಳಲ್ಲಿ ಹೊರಬಿತ್ತು. ಮರುವರ್ಷ, 2015ರ ಡಿಸೆಂಬರ್ 20ರಂದು ಇಲ್ಲೇ ಫೈನಲ್, ಎದುರಿಗೆ ಮತ್ತೆ ಚೆನ್ನೈಯಿನ್. ಆ ಚೆನ್ನೈಯಿನ್ ಮೊದಲ ಪಂದ್ಯವನ್ನು ತನ್ನೂರಲ್ಲೇ ಕೋಲ್ಕತ್ತಾಕ್ಕೆ 2–3ರಿಂದ ಸೋತು, ನಾಲ್ಕು ಪಂದ್ಯ ಉಳಿದಿರುವಾಗ ಪಟ್ಟಿಯ ತಳದಲ್ಲಿತ್ತು. ನಾಲ್ಕನ್ನೂ ಗೆದ್ದಿತು. ಅಷ್ಟರಲ್ಲಿ ಚೆನ್ನೈಯಲ್ಲಿ ಪ್ರವಾಹ. ಊರಿಗೆ ಊರೇ ಮುಳುಗಿ, ತವರಿನ ಸೆಮಿಫೈನಲ್ ಪಂದ್ಯವನ್ನು ಪುಣೆಯಲ್ಲಿ ಆಡಬೇಕಾಯಿತು. ಅಲ್ಲಿ 3–0ರಿಂದ ಗೆದ್ದು ಇಲ್ಲಿಗೆ ಬಂದಿತ್ತು.

ಗೋವಾದ ಗೋಲಿನಲ್ಲಿ ನಿಂತಿದ್ದವರು ಲಕ್ಷ್ಮೀಕಾಂತ ಕಟ್ಟಿಮನಿ. ಹೆಸರು ಕೇಳಿದ ಕೂಡಲೇ ನಮ್ಮವರಿಗೆ ಕಾದಂಬರಿಕಾರ ಬಸವರಾಜ ಕಟ್ಟೀಮನಿ ನೆನಪಾಗುತ್ತಾರೆ. ಬೆಳಗಾವಿ, ಬಾಗಲಕೋಟೆ ಕಡೆ ಕೇಳುವ ಅಡ್ಡಹೆಸರು ಅದು. ಇವರು ಗೋವಾದ ಹುಡುಗ. ಆ ರಾತ್ರಿ ಅವರು ಎರಡು ಪೆನಾಲ್ಟಿ ತಡೆದರು. ಮೊದಲನೆಯದನ್ನು ತಡೆದರೂ ಮರಳಿ ಪುಟಿದ ಚೆಂಡನ್ನು ಬ್ರೂನೊ ಪೆಲಿಸ್ಸಾರಿ ಒಳಗೆ ತಳ್ಳಿದರು. ಎರಡನೆಯದು, ಮೆಂಡೋಜಾ ಹೊಡೆದದ್ದು, ಪೂರ್ತಿ ನಿಂತಿತು. ಎಂಬತ್ತೇಳನೆಯ ನಿಮಿಷಕ್ಕೆ ಗೋವಾ 2–1ರಿಂದ ಮುಂದು. ಕ್ರೀಡಾಂಗಣ ಕುಣಿಯುತ್ತಿತ್ತು. ತೊಂಬತ್ತನೆಯ ನಿಮಿಷದಲ್ಲಿ ಗೋಲಿನೆದುರಿನ ನೂಕುನುಗ್ಗಲಿನಲ್ಲಿ ಚೆಂಡು ಕಟ್ಟಿಮನಿಯವರ ಕೈಯಿಂದಲೇ ಒಳಗೆ ಹೋಯಿತು. ಅಂಕಪುಸ್ತಕದಲ್ಲಿ ಅದು ಅವರ ಸ್ವಂತ ಗೋಲು. ಎರಡು ನಿಮಿಷಕ್ಕೆ ಮೆಂಡೋಜಾ ಇನ್ನೊಂದು ಹೊಡೆದರು. 3–2. ತನ್ನ ಊರಿನ ಜನರ ಮುಂದೆ ಗೆದ್ದ ಪಂದ್ಯ ಕೈಯಿಂದ ಜಾರುವುದೆಂದರೆ ಏನು ಎಂದು ಆ ಗೋಲ್‌ಕಂಬದ ಪಕ್ಕ ನಿಂತಾಗ ಸ್ವಲ್ಪ ಅರ್ಥವಾಯಿತು. ಗ್ಯಾಲರಿ ಬಹಳ ಹತ್ತಿರವಿದೆ. ಬೈದರೆ ಕೇಳಿಸುತ್ತದೆ.

ಕಂಬದಿಂದ ಕಂಬಕ್ಕೆ 7.32 ಮೀಟರ್, ಎತ್ತರ 2.44. ಪೆನಾಲ್ಟಿ ಚುಕ್ಕೆ ಹನ್ನೊಂದು ಮೀಟರ್ ದೂರ. ಗಂಟೆಗೆ ತೊಂಬತ್ತು ಕಿಲೋಮೀಟರ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 25 ಮೀಟರಿನಂತೆ ಚೆಂಡು ಬಂದರೆ ಗೋಲಿ ಕೈಯಲ್ಲಿ ಇರುವುದು 0.44 ಸೆಕೆಂಡು. ಕಣ್ಣು ಕಂಡದ್ದಕ್ಕೆ ಮೈ ಅಲುಗಲು ಸುಮಾರು 0.2 ಸೆಕೆಂಡು ಹೋಗುತ್ತದೆ. ಉಳಿದದ್ದರಲ್ಲಿ ಮೂರೂವರೆ ಮೀಟರ್ ಹಾರಬೇಕು. ಆದ್ದರಿಂದ ಗೋಲಿಗಳು ಚೆಂಡನ್ನು ನೋಡಿ ಹಾರುವುದಕ್ಕಿಂತ, ಹೊಡೆಯುವವನ ಸೊಂಟ ಮತ್ತು ಊರಿದ ಪಾದ ನೋಡಿ ಮೊದಲೇ ಹಾರುತ್ತಾರೆ.

2022ರ ಮಾರ್ಚ್ 20. ಅದೇ ಫತೋರ್ಡಾ, ಆದರೆ ಈಗ ಕಟ್ಟಿಮನಿ ಹೈದರಾಬಾದಿನ ಗೋಲಿನಲ್ಲಿ. ತರಬೇತುದಾರ ಮನೋಲೊ ಮಾರ್ಕೆಸ್. ಎರಡು ವರ್ಷ ಹಿಂದೆ ಹತ್ತು ಅಂಕ ಪಡೆದು ಪಟ್ಟಿಯ ತಳದಲ್ಲಿದ್ದ ತಂಡ ಅದು. ಎದುರಿಗೆ ಕೇರಳ. ಅವರೂ ಮೊದಲ ಪಂದ್ಯವನ್ನು ಇದೇ ಮೈದಾನದಲ್ಲಿ ಸೋತು, ಆಮೇಲೆ ಸತತ ಹತ್ತು ಪಂದ್ಯ ಸೋಲದೆ ಬಂದವರು. ಆ ಸರಣಿಯನ್ನು ಮುರಿದದ್ದು ನಮ್ಮ ಬೆಂಗಳೂರು. ಫೈನಲ್ಲಿಗೆ ಪ್ರೇಕ್ಷಕರನ್ನು ಬಿಟ್ಟಿದ್ದರಿಂದ ಗ್ಯಾಲರಿ ತುಂಬ ಕೇರಳದ ಹಳದಿ. ರಾಹುಲ್ ಕೆ.ಪಿ. ಕೇರಳಕ್ಕೆ ಗೋಲು ತಂದರು. ಎಂಬತ್ತೆಂಟನೆಯ ನಿಮಿಷದಲ್ಲಿ ಹೈದರಾಬಾದಿನ ಸಾಹಿಲ್ ತಾವೊರಾ ಸಮ ಮಾಡಿದರು. ಅವರೂ ಗೋವಾದವರೇ. ಹೆಚ್ಚುವರಿ ಅರ್ಧ ಗಂಟೆಯಲ್ಲೂ ಏನೂ ಆಗದೆ ಪೆನಾಲ್ಟಿಗಳಿಗೆ ಬಂತು.

ಲೆಸ್ಕೊವಿಚ್ ಹೊಡೆದದ್ದನ್ನು ಕಟ್ಟಿಮನಿ ತಡೆದರು. ನಿಶು ಕುಮಾರ್ ಹೊಡೆದದ್ದನ್ನೂ ತಡೆದರು. ಆದರೆ ಗೋಲಿ ಗೆರೆ ಬಿಟ್ಟು ಮುಂದೆ ಬಂದಿದ್ದಾರೆ, ಮತ್ತೆ ಹೊಡೆಯಿರಿ ಎಂದರು ರೆಫರಿ. ನಿಶು ಮತ್ತೆ ಹೊಡೆದರು. ಕಟ್ಟಿಮನಿ ಮತ್ತೆ ತಡೆದರು! ಜೀಕ್ಸನ್ ಸಿಂಗ್ ಹೊಡೆದದ್ದೂ ಅಷ್ಟೇ. ಕೊನೆಗೆ ಹಾಲಿಚರಣ್ ನರ್ಜಾರಿ ಹೈದರಾಬಾದಿನ ಮೂರನೆಯ ಗೋಲು ಹೊಡೆದಾಗ 3–1. ಆರು ವರ್ಷ ಹಿಂದೆ ಚೆಂಡು ಕೈಜಾರಿದ ಮೈದಾನದಲ್ಲೇ ಆ ಮನುಷ್ಯ ಮೂವರನ್ನು ನಿಲ್ಲಿಸಿ ಕಪ್ಪು ಎತ್ತಿದರು. ನಡುವಿನ ಆರು ವರ್ಷ ಅವರಿಗೆ ಆಡಲು ಪಂದ್ಯಗಳಿದ್ದವು, ನಿಲ್ಲಿಸುವ ತರಬೇತುದಾರರಿದ್ದರು.

ಹೈದರಾಬಾದಿನ ಮುಂದಿನ ಕಥೆ ಅಷ್ಟು ಚೆನ್ನಾಗಿಲ್ಲ. 2023–24ರಲ್ಲಿ ಕ್ಲಬ್ಬಿಗೆ ಹಣದ ಮುಗ್ಗಟ್ಟು ಬಂತು. ಆಟಗಾರರಿಗೆ ಸಂಬಳ ಸಿಗಲಿಲ್ಲ, ಋತುವಿನ ನಡುವೆಯೇ ಒಬ್ಬೊಬ್ಬರಾಗಿ ಹೊರಟುಹೋದರು. ಇದ್ದ ಎಳೆಯ ಹುಡುಗರನ್ನು ಕಟ್ಟಿಕೊಂಡು ಆಡಿ, ಇಡೀ ಲೀಗಿನಲ್ಲಿ ಒಂದೇ ಪಂದ್ಯ ಗೆದ್ದು ತಳ ಸೇರಿತು. ಆ ವರ್ಷವನ್ನು ಮೊದಲ ಪಂದ್ಯದ ಸೋಲಿನ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ. ನನ್ನ ಪುಸ್ತಕದಲ್ಲಿ ಅದಕ್ಕೆ ಬೇರೆ ಪುಟ.

ಹತ್ತು ನಿಮಿಷ ಎಂದಿದ್ದ ಕಾವಲುಗಾರರು ಅರ್ಧ ಗಂಟೆಯಾದರೂ ಎಬ್ಬಿಸಲಿಲ್ಲ. ಹೊರಡುವಾಗ ಯಾವ ಗೋಲ್‌ಕಂಬ ಎಂದು ಕೇಳಿದರು. ಕಟ್ಟಿಮನಿ ಹೆಸರು ಹೇಳಿದೆ. "ನಮ್ಮ ಹುಡುಗ" ಎಂದರು. ನಮ್ಮ ಕಡೆಯ ಹೆಸರು ಎಂದು ನಾನು ಹೇಳಲು ಹೋಗಲಿಲ್ಲ.

ಹೋಗುವ ಮನಸ್ಸಿರುವವರಿಗೆ: ಮಡಗಾಂವ್ ರೈಲು ನಿಲ್ದಾಣದಿಂದ ಫತೋರ್ಡಾಕ್ಕೆ ರಿಕ್ಷಾ ಸಿಗುತ್ತದೆ, ದೂರ ಹೆಚ್ಚಿಲ್ಲ. ವಾಸ್ಕೊಗೆ ಅದೇ ರೈಲಿನಲ್ಲಿ ಮುಂದುವರಿದರೆ ಸಾಕು, ಬಾಂಬೋಳಿಗೆ ಮಾತ್ರ ಬಸ್ಸೇ ಗತಿ. ಪಂದ್ಯವಿದ್ದಾಗ ಹೋಗುವುದಾದರೆ ಋತುವಿನ ಮೊದಲ ವಾರವೇ ಹೋಗಿ. ಸೋತ ತಂಡದ ಅಭಿಮಾನಿಗಳು ಬೇಗ ಎದ್ದು ಹೋಗುತ್ತಾರೆ, ಬಸ್ಸಿನಲ್ಲಿ ಸೀಟು ಬೇಕಿದ್ದರೆ ಅವರಿಗಿಂತ ಮೊದಲೇ ಹೊರಡಬೇಕು.